ಪೊಟ್ಟಣದ ಬೆನ್ನಿನ ನಾಲ್ಕು ಸಾಲು

ಜೂನ್ 3

ಚಿನಕುರುಳಿಗೆ,

ನಿನ್ನ ಪತ್ರಕ್ಕೆ ಉತ್ತರ ಬರೆಯದೆ ತಿಂಗಳಾಯಿತು. ಡಿಪೋದಲ್ಲಿ ಒಂದೇ ವಾರದಲ್ಲಿ ಮೂರು ಬಸ್ಸುಗಳ ಗೇರ್‌ಬಾಕ್ಸ್ ಕೈಕೊಟ್ಟವು ಎಂದು ನೆಪ ಹೇಳಬಹುದು. ನಿಜವಾದ ಕಾರಣ ಗುಲಾಬಿ. ಹಿತ್ತಲಿನ ಇಪ್ಪತ್ತಾರು ಗಿಡಗಳಲ್ಲಿ ಒಂಬತ್ತಕ್ಕೆ ಎಲೆಯ ಮೇಲೆ ಕಪ್ಪು ಚುಕ್ಕೆ ಬಂದಿದೆ. ಮೊದಲು ನನ್ನ ಕೈಯ ಗ್ರೀಸೇ ತಾಗಿರಬೇಕು ಎಂದುಕೊಂಡು ಒರೆಸಿದೆ, ಹೋಗಲಿಲ್ಲ. ಚುಕ್ಕೆಯ ಸುತ್ತ ಹಳದಿ ಹರಡುತ್ತದೆ, ನಾಲ್ಕು ದಿನದಲ್ಲಿ ಎಲೆ ಉದುರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಗಿಡದಲ್ಲಿ ಮುಳ್ಳು ಮಾತ್ರ ಉಳಿದಿರುತ್ತದೆ.

ನಿನ್ನ ಅತ್ತಿಗೆ ನಿನ್ನೆ ಹೊಲಿಗೆ ಮಿಷನ್ ನಿಲ್ಲಿಸಿ ಹಿತ್ತಲಿಗೆ ಬಂದು ಅಂದಳು: "ತಂಗಿ ಔಷಧಿ ಕಂಪನೀಲಿ ಕೂತಿದ್ದಾಳೆ, ನೀವು ಇಲ್ಲಿ ಗಿಡದ ಮುಂದೆ ಮುಖ ಇಳಿಬಿಟ್ಕೊಂಡು ಕೂತಿದ್ದೀರಿ. ಒಂದು ಕಾಗದ ಗೀಚಿ ಹಾಕಬಾರದಾ?" ಗೀಚುತ್ತಿದ್ದೇನೆ.

ಯಾವ ಔಷಧಿ, ಎಷ್ಟು, ಯಾವಾಗ, ಎಲ್ಲವನ್ನೂ ಬರೆ. ನಿನಗೆ ನನ್ನ ಸ್ವಭಾವ ಗೊತ್ತು. ಬೋಲ್ಟನ್ನು ಎಷ್ಟು ಬಿಗಿಯಬೇಕೆಂದು ಪುಸ್ತಕದಲ್ಲಿದೆಯೋ ಅಷ್ಟೇ ಬಿಗಿಯುವವನು ನಾನು. ಡಿಪೋದಲ್ಲಿ ಹುಡುಗರು "ಕೈಯಂದಾಜು ಸಾಕು ಬಿಡಿ" ಅನ್ನುತ್ತಾರೆ. ಕೈಯಂದಾಜಿನವರು ಕಟ್ಟಿದ ಚಕ್ರ ದಾರಿಯಲ್ಲಿ ಕಳಚಿದ್ದನ್ನು ನಾನು ನೋಡಿದ್ದೇನೆ. ನೀನು ಏನು ಬರೆಯುತ್ತೀಯೋ ಅದರಂತೆ ಮಾಡುತ್ತೇನೆ, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ.

ಇನ್ನು ಕೆಳಗಿನ ಜಾಗ ಎಂದಿನಂತೆ ಅವಳದು.

— ಅಣ್ಣ

ಅತ್ತಿಗೆ ಬರೆಯುವುದು: ಶಾಲೆ ಶುರುವಾಗುವ ಹೊತ್ತು, ಎಂಬತ್ತು ಅಂಗಿಗೆ ಕಾಜಾ ಹಾಕುವುದಿದೆ. ನಿನ್ನ ನೀಲಿ ಕೋಟಿನ ಅಳತೆ ಈಗಲೂ ಅದೇನಾ, ಇಲ್ಲಾ ಕೂತು ಕೂತು ಸೊಂಟ ಬಂದಿದೆಯಾ?


ಜೂನ್ 14

ಅಣ್ಣ,

ಪತ್ರದ ಜೊತೆಗೆ ಬಂದಿರುವ ಎರಡು ಪೊಟ್ಟಣಗಳನ್ನು ನೋಡು. ನಮ್ಮ ಹಳೆಯ ದೊಡ್ಡ ಪೊಟ್ಟಣದ ಔಷಧಿಯೇ, ಮನೆಯ ತೋಟದವರಿಗೆಂದು ಹೊಸದಾಗಿ ತಂದ ಪುಟ್ಟ ಪೊಟ್ಟಣ, ಅಂಗೈಯಷ್ಟಿದೆ. ಮುಂದೆ ಗುಲಾಬಿಯ ಚಿತ್ರ. ತಿರುಗಿಸಿ ನೋಡು, ಬೆನ್ನ ಮೇಲಿನ ಬರಹ ಪೂರ್ತಿ ನಿನ್ನ ತಂಗಿಯದು! ಚಿತ್ರ ದೊಡ್ಡದಾಗಬೇಕೆಂದು ಕಂಪನಿಯ ಯಜಮಾನರು ಹಟ ಹಿಡಿದು ನನ್ನ ನಾಲ್ಕು ಸಾಲು ನುಂಗಿದರು. ಆದರೂ ಓದಲು ಲಕ್ಷಣವಾಗಿಯೇ ಇದೆ, ಅಲ್ಲವೇ? "ಶಿಲೀಂಧ್ರನಾಶಕ" ಎಂಬ ಪದ ಮಾತ್ರ ನನ್ನದಲ್ಲ. ಅದನ್ನು ಉಚ್ಚರಿಸಿ ಮುಗಿಸುವಷ್ಟರಲ್ಲಿ ಇನ್ನೆರಡು ಎಲೆ ಉದುರುತ್ತವೆ.

ಮೊದಲು ಒಂದು ಮಾತು. ಚುಕ್ಕೆ ಬಿದ್ದ ಎಲೆ ಈ ಔಷಧಿಯಿಂದ ಮತ್ತೆ ಹಸಿರಾಗುವುದಿಲ್ಲ. ಚೆನ್ನಾಗಿರುವ ಎಲೆಗೆ ರೋಗ ಹತ್ತದಂತೆ ಇದು ಕಾಯುತ್ತದೆ, ಅಷ್ಟೇ. ಹಾಗಾಗಿ ಕೆಟ್ಟ ಎಲೆಗಳನ್ನು ಕಿತ್ತು, ಕೆಳಗೆ ಬಿದ್ದವನ್ನೂ ಆರಿಸಿ, ಹಿತ್ತಲಿಂದ ಆಚೆ ಹಾಕು. ಗೊಬ್ಬರದ ಗುಂಡಿಗೆ ಹಾಕಬೇಡ. ನೀರನ್ನು ಬುಡಕ್ಕೆ ಹಾಕು, ಪೈಪ್ ಹಿಡಿದು ತಲೆಗೆ ಸ್ನಾನ ಮಾಡಿಸಬೇಡ. ಎಲೆ ಒದ್ದೆಯಿದ್ದಷ್ಟೂ ಬೂಷ್ಟಿಗೆ ಹಬ್ಬ.

ಔಷಧಿಗೆ ಬೇರೆ ಬಕೆಟ್, ಬೇರೆ ಚಮಚ. ಅಡುಗೆಮನೆಯ ಚಮಚ ತೆಗೆದೆಯೋ, ಅತ್ತಿಗೆ ನಿನ್ನನ್ನು ಮನೆಯಿಂದ ಆಚೆ ಹಾಕುತ್ತಾರೆ. ಕೈಗವಸು, ಮೂಗು ಬಾಯಿಗೆ ಮಾಸ್ಕ್, ಉದ್ದ ತೋಳಿನ ಅಂಗಿ. ಗಾಳಿ ಬೀಸುವಾಗ ಬೇಡ, ಸುಡುಬಿಸಿಲಲ್ಲಿ ಬೇಡ. ಹತ್ತು ಹನ್ನೆರಡು ದಿನಕ್ಕೊಮ್ಮೆ ಮಾಡಿದರೆ ಸಾಕು.

ಪುಡಿಯನ್ನು ಒಣ ಜಾಗದಲ್ಲಿಡು. ಪೊಟ್ಟಣದೊಳಗೆ ಅದು ನಿದ್ದೆ ಮಾಡುತ್ತಿರುತ್ತದೆ ಎಂದುಕೋ. ನೀರು ತಾಗಿತೋ, ಎದ್ದು ಕೆಲಸ ಶುರುಮಾಡುತ್ತದೆ. ಆಮೇಲೆ ಅದನ್ನು ನಿಲ್ಲಿಸಲಾಗುವುದಿಲ್ಲ. ಆದ್ದರಿಂದ ಅವತ್ತಿಗೆ ಬೇಕಾದಷ್ಟನ್ನು ಮಾತ್ರ ಕಲಸು.

ಬೆನ್ನಿನ ಕೊನೆಯಲ್ಲಿರುವ ಜೇನಿನ ಮಾತನ್ನು ತಪ್ಪದೆ ಓದು. ಅದನ್ನು ಬರೆಯಲು ನನಗೆ ಎರಡು ದಿನ ಹಿಡಿಯಿತು.

ಅತ್ತಿಗೆಗೆ ಹೇಳು, ಸೊಂಟ ಬಂದಿದೆ. ಅವರ ಅಳತೆ ಪಟ್ಟಿಗೆ ಹೆದರಿಯೇ ನಾನು ಎರಡು ವರ್ಷದಿಂದ ಆ ಕಡೆ ತಲೆ ಹಾಕಿಲ್ಲ.

— ಚಿನಕುರುಳಿ


ಜೂನ್ 27

ಚಿನಕುರುಳಿಗೆ,

ನೀನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದಾಯಿತು. ಉದುರಿದ ಎಲೆ ಆರಿಸಲು ಒಂದು ಭಾನುವಾರ ಪೂರ್ತಿ ಹೋಯಿತು, ನನ್ನ ಬೆನ್ನೂ ಅದರ ಜೊತೆಗೆ ಹೋಯಿತು. ಪೊಟ್ಟಣದ ಬರಹವನ್ನು ನಿನ್ನ ಅತ್ತಿಗೆಗೆ ಎರಡು ಸಲ ಓದಿ ಹೇಳಿದೆ, ಪಕ್ಕದ ಮನೆಯ ಮೇಷ್ಟರಿಗೆ ಒಂದು ಸಲ ಓದಿದೆ. ಡಿಪೋಗೂ ತೆಗೆದುಕೊಂಡು ಹೋಗಿದ್ದೆ. "ಹೂವು ಜೇನಿಗೆ ಅಂಗಡಿ, ಅದು ವ್ಯಾಪಾರ ಮುಗಿಸಿ ಮನೆಗೆ ಹೋಗುವವರೆಗೆ ನೀವು ಹೊರಗೆ ಕಾಯಿರಿ." ಇದನ್ನು ಕೇಳಿ ಕಂಡಕ್ಟರೊಬ್ಬ, "ಇದು ಔಷಧಿ ಚೀಟೀನಾ, ಪದ್ಯಾನಾ?" ಅಂದ. ನನ್ನ ತಂಗಿ ಬರೆದದ್ದು ಎಂದು ಹೇಳಿದೆ. ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಕೆಲಸವನ್ನು ಹಂಚಿಕೊಂಡಿದ್ದೇವೆ. ಅಳೆಯುವುದು, ಕಲಸುವುದು ಅವಳದು, ಹೊಡೆಯುವುದು ನನ್ನದು. ಕಾಜಾ ಹಾಕುವ ಕೈ, ಒಂದು ಕಾಳು ಪುಡಿ ಆಚೆ ಈಚೆ ಆಗುವುದಿಲ್ಲ. ಮಾಸ್ಕ್ ಹಾಕಿದರೆ ಅವಳ ಕನ್ನಡಕಕ್ಕೆ ಉಸಿರಿನ ಹಬೆ ಹತ್ತಿ ಏನೂ ಕಾಣುವುದಿಲ್ಲವಂತೆ. ಯಾವುದಾದರೂ ಒಂದನ್ನು ತೆಗೆಯುತ್ತೇನೆ ಅಂದಳು. ಪೊಟ್ಟಣ ನೋಡಿದೆ. ಮಾಸ್ಕ್ ಇದೆ, ಕನ್ನಡಕದ ಸುದ್ದಿ ಇಲ್ಲ. "ಹಾಗಾದ್ರೆ ಕನ್ನಡಕ ತೆಗಿ" ಅಂದೆ.

ಹೊಸ ಚಿಗುರಿನಲ್ಲಿ ಚುಕ್ಕೆ ಇಲ್ಲ. ಇನ್ನೊಂದು ಸುತ್ತು ಆದರೆ ಗಿಡ ಗೆದ್ದ ಹಾಗೆ.

— ಅಣ್ಣ

ಅತ್ತಿಗೆ: ಅಳತೆ ಪಟ್ಟಿಗೆ ಹೆದರುವವಳು ಬೇಗ ಬಾ, ಇನ್ನೂ ದಪ್ಪಗಾಗುವ ಮೊದಲು. ನೀಲಿ ಬಟ್ಟೆ ತೆಗೆದಿಟ್ಟಿದ್ದೇನೆ. ಗುಂಡಿಗೆ ಬಿಳಿಯೋ ಕಪ್ಪೋ ಹೇಳು.


ಜುಲೈ 9

ಅಣ್ಣ,

ಕಂಡಕ್ಟರನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಪತ್ರವನ್ನು ಆಫೀಸಿನಲ್ಲಿ ಇಬ್ಬರಿಗೆ ಓದಿ ತೋರಿಸಿದೆ. ಇಲ್ಲಿ ಗೋಂದಿನ ವಾಸನೆಯ ನಡುವೆ, ಉದ್ದ ಮೇಜಿನ ಕೊನೆಯಲ್ಲಿ ಕೂತು ಬರೆದದ್ದನ್ನು ಅಲ್ಲಿ ಒಬ್ಬ ಬಸ್ಸಿನವನು ಕೇಳಿ ನಕ್ಕ ಎಂದರೆ ನನಗೆ ಅದೇ ಬಹುಮಾನ.

ಗುಂಡಿ ಕಪ್ಪು. ಆದರೆ ಅತ್ತಿಗೆ ನನಗಾಗಿ ಕಣ್ಣು ಕೆಡಿಸಿಕೊಂಡು ಕೂರುವುದು ಬೇಡ, ಶಾಲೆಯ ಅಂಗಿ ಮುಗಿಯಲಿ. ಈ ವರ್ಷವೂ ಬರುತ್ತೇನೋ ಇಲ್ಲವೋ ಗೊತ್ತಿಲ್ಲ, ರಜೆ ಸಿಗುವುದು ಕಷ್ಟ. ಹಾಗೆಂದು ಅವರಿಗೆ ನೀನೇ ಮೆಲ್ಲಗೆ ಹೇಳು. ನಾನು ಹೇಳಿದರೆ ಬೈಗುಳ.

ಎರಡನೇ ಸುತ್ತು ಏನಾಯಿತು, ಬರೆ.

— ಚಿನಕುರುಳಿ


ಜುಲೈ 30

ತಂಗಿಗೆ,

ನಿನ್ನ ಪತ್ರ ಬಂತು. ಗಿಡಗಳು ಚೆನ್ನಾಗಿವೆ. ಬಿಳಿ ಗುಲಾಬಿಯಲ್ಲಿ ಏಳು ಮೊಗ್ಗು ಇವೆ. ಡಿಪೋದಲ್ಲಿ ಕೆಲಸ ಜಾಸ್ತಿ, ನಡುನಡುವೆ ರಜೆಯನ್ನೂ ಹಾಕಬೇಕಾಗಿ ಬಂತು, ಹಾಗಾಗಿ ಬರೆಯುವುದು ತಡವಾಯಿತು.

ಒಂದು ವಿಷಯ, ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ನಿಮ್ಮ ಕಂಪನಿಯ ಹಳೆಯ ದೊಡ್ಡ ಪೊಟ್ಟಣದಲ್ಲಿ, ಔಷಧಿ ಮೈಗೋ ಮುಖಕ್ಕೋ ಬಿದ್ದರೆ ಏನು ಮಾಡಬೇಕೆಂದು ಬೇರೆ ಏನಾದರೂ ಬರೆದಿತ್ತೇ? ಮೇಷ್ಟರು ಕೇಳುತ್ತಿದ್ದರು.

ಕೋಟಿನ ಕೆಲಸ ಸದ್ಯಕ್ಕೆ ನಿಂತಿದೆ.

— ಅಣ್ಣ


ಆಗಸ್ಟ್ 8
(ಅಂಚೆಗೆ ಹಾಕದ್ದು)

ಅಣ್ಣ,

ನಿನ್ನ ಪತ್ರವನ್ನು ಆರು ಸಲ ಓದಿದೆ. ನೀನು "ತಂಗಿಗೆ" ಎಂದು ಬರೆದಿದ್ದೀಯ. ಅತ್ತಿಗೆಯ ಎರಡು ಸಾಲು ಇಲ್ಲ. ನಾನು ಬರುವುದಿಲ್ಲ ಎಂದದ್ದಕ್ಕೆ ಸಿಟ್ಟಾಗಿದ್ದಾರೆ ಎಂದು ಮೊದಲು ಅಂದುಕೊಂಡೆ. ಹಾಗೇ ಇರಲಿ ಎಂದು ಈಗಲೂ ಬೇಡಿಕೊಳ್ಳುತ್ತಿದ್ದೇನೆ. ಆದರೆ ಮೇಷ್ಟರು ಕೇಳುತ್ತಿದ್ದರು ಎಂಬ ಮಾತನ್ನು ನಂಬಲಾಗುತ್ತಿಲ್ಲ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಚಿಕ್ಕಂದಿನಲ್ಲೂ ಬರುತ್ತಿರಲಿಲ್ಲ.

ಇವತ್ತು ಮಾದರಿಗಳ ಬೀರು ತೆಗೆದು ಹಳೆಯ ಪೊಟ್ಟಣ ನೋಡಿದೆ. ನೋಡುವ ಅಗತ್ಯವೇ ಇರಲಿಲ್ಲ, ನನಗೆ ಬಾಯಿಪಾಠ. "ಪುಡಿ ಸುರಿಯುವಾಗ ಕಣ್ಣುಗಳನ್ನು ಮುಚ್ಚುವ ಕನ್ನಡಕ ಧರಿಸಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಕೂಡಲೇ ಶುದ್ಧ ನೀರು ಹರಿಸುತ್ತ ಹದಿನೈದು ನಿಮಿಷ ತೊಳೆಯಿರಿ. ತಡಮಾಡದೆ ವೈದ್ಯರನ್ನು ಕಾಣಿ." ನಾಲ್ಕು ಸಾಲು.

ಯಜಮಾನರು ನುಂಗಿದರು ಎಂದು ನಿನಗೆ ಬರೆದಿದ್ದೆ. ಅದು ಅರ್ಧ ಸತ್ಯ. ಅವರು ಹೇಳಿದ್ದು, "ನಾಲ್ಕು ಸಾಲು ತೆಗಿ, ಯಾವುದು ಅಂತ ನೀನೇ ನೋಡ್ಕೊ." ನಾನೇ ನೋಡಿಕೊಂಡೆ. ಜೇನಿನ ಮಾತೂ ನಾಲ್ಕೇ ಸಾಲಿತ್ತು. ಎರಡನ್ನೂ ಎದುರಿಗಿಟ್ಟುಕೊಂಡು ಒಂದು ಮಧ್ಯಾಹ್ನ ಕೂತೆ. ಕಣ್ಣಿನ ಮಾತು ಯಾರೋ ಬರೆದಿಟ್ಟು ಹೋದದ್ದು, ಒಣ ಮಾತು, ಎಲ್ಲ ಪೊಟ್ಟಣದಲ್ಲೂ ಇರುವಂಥದ್ದು. ಕಣ್ಣಿಗೆ ಏನಾದರೂ ಬಿದ್ದರೆ ತೊಳೆಯಬೇಕೆಂದು ಯಾರಿಗೆ ತಾನೇ ಗೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಜೇನಿನ ಮಾತು ನನ್ನದು. ಅದನ್ನು ಉಳಿಸಿಕೊಂಡೆ.

ಅತ್ತಿಗೆ ಕನ್ನಡಕ ತೆಗೆದಿಟ್ಟರು ಎಂದು ನೀನು ಬರೆದಾಗಲೇ ನಾನು ಎದ್ದು ತಂತಿ ಕೊಡಬೇಕಿತ್ತು. ಓದಿದೆ, ಮುಂದಿನ ಸಾಲಿಗೆ ಹೋದೆ. ಕಂಡಕ್ಟರನ ಮಾತಿನ ಗುಂಗಿನಲ್ಲೇ ಇದ್ದೆ ನಾನು.

ನಾನು ಆರು ವರ್ಷದವಳಿದ್ದಾಗ ತಾಯಿ ಇಲ್ಲದ ಮನೆಗೆ ಬಂದು ನನ್ನ ತಲೆ ಬಾಚಿದವರು ಅವರು. ಅಣ್ಣ, ಏನಾಗಿದೆ ಅಲ್ಲಿ? ಕೇಳಲು ಹೆದರಿಕೆಯಾಗುತ್ತಿದೆ.


ಆಗಸ್ಟ್ 9

ಅಣ್ಣ,

ಬಿಳಿ ಗುಲಾಬಿಯಲ್ಲಿ ಏಳು ಮೊಗ್ಗು! ಇನ್ನು ಮೇಲೆ ನಿನ್ನನ್ನು ಹಿಡಿಯುವವರಿಲ್ಲ.

ಮೇಷ್ಟರು ಕೇಳಿದ್ದಕ್ಕೆ ಉತ್ತರ: ದೊಡ್ಡ ಪೊಟ್ಟಣದಲ್ಲಿ ಬೇರೆ ವಿಶೇಷವೇನಿಲ್ಲ, ಹೆಚ್ಚುಕಡಿಮೆ ಅದೇ ಮಾತು. ಮೈಗೆ ತಾಗಿದರೆ ಸೋಪು ಹಾಕಿ ತೊಳೆಯುವುದು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯುವುದು. ಕಣ್ಣಿಗೆ ಬಿದ್ದರೆ ಉಜ್ಜದೆ ಕೂಡಲೇ ಹದಿನೈದು ನಿಮಿಷ ಬರೀ ನೀರು ಹರಿಸಿ ತೊಳೆದು ಡಾಕ್ಟರಲ್ಲಿಗೆ ಹೋಗುವುದು. ಇದೆಲ್ಲ ಎಲ್ಲರಿಗೂ ಗೊತ್ತಿರುವ ಮಾತೇ. ಇನ್ನು ಮುಂದೆ ಕಲಸುವಾಗ ಕಣ್ಣಿಗೂ ಏನಾದರೂ ಹಾಕಿಕೊಳ್ಳಲಿ. ಡಿಪೋದಲ್ಲಿ ವೆಲ್ಡಿಂಗ್ ಮಾಡುವವರ ಹತ್ತಿರ ಕನ್ನಡಕ ಇರುತ್ತದಲ್ಲ, ಅಂಥದ್ದು.

ಅತ್ತಿಗೆ ಕೋಪ ಮಾಡಿಕೊಂಡಿದ್ದಾರಾ? ಕೆಳಗೆ ಅವರ ಸಾಲು ಇಲ್ಲದೆ ನಿನ್ನ ಪತ್ರ ಬೋಳಾಗಿ ಕಾಣುತ್ತದೆ. ಬೈದಾದರೂ ಒಂದು ಸಾಲು ಬರೆಯಲು ಹೇಳು.

— ಚಿನಕುರುಳಿ


ಆಗಸ್ಟ್ 24

ಚಿನಕುರುಳಿಗೆ,

ಎಲ್ಲರಿಗೂ ಗೊತ್ತಿರುವ ಮಾತು ಎಂದು ಬರೆದಿದ್ದೀಯ. ಎಲ್ಲರಿಗೂ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಕೇಳು.

ಜುಲೈ ಹದಿನಾರು, ಬೆಳಿಗ್ಗೆ ಏಳು ಗಂಟೆ. ಮಳೆ ಹಿಡಿದು ಎರಡನೇ ಸುತ್ತು ಅಲ್ಲಿಯವರೆಗೆ ತಡವಾಗಿತ್ತು. ಗಾಳಿ ಇರಲಿಲ್ಲ, ಬಿಸಿಲೂ ಇರಲಿಲ್ಲ, ಎಲ್ಲ ಪೊಟ್ಟಣದಲ್ಲಿದ್ದಂತೆಯೇ ಇತ್ತು. ಎರಡನೇ ಪೊಟ್ಟಣದ ಮೂಲೆ ಕತ್ತರಿಗೆ ಸಿಗುತ್ತಿರಲಿಲ್ಲ. ಕನ್ನಡಕ ಇಲ್ಲವಲ್ಲ, ನಿನ್ನ ಅತ್ತಿಗೆ ಅದನ್ನು ಮುಖದ ಹತ್ತಿರ ತಂದು ಎಳೆದಳು. ಒಮ್ಮೆಲೇ ಹರಿದು ಪುಡಿ ಹಾರಿತು. ಬಲಗಣ್ಣಿನ ತುಂಬ ಹೋಯಿತು.

ನಾನು ಮಾಡಿದ್ದು ಇಷ್ಟು. ಅವಳನ್ನು ಕಟ್ಟೆಯ ಮೇಲೆ ಕೂರಿಸಿದೆ. ನೆಲಕ್ಕೆ ಬಿದ್ದ ಪೊಟ್ಟಣ ಎತ್ತಿ ಬೆನ್ನ ಮೇಲಿನ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಅವಳು ಕಣ್ಣು ಮುಚ್ಚಿ ನರಳುತ್ತಿದ್ದಳು, ನಾನು ಓದುತ್ತಿದ್ದೆ. ಕಣ್ಣಿನ ಮಾತು ಎಲ್ಲೂ ಸಿಗಲಿಲ್ಲ. ಆಗ ನಿನ್ನ ಪತ್ರ ನೆನಪಾಯಿತು. ನೀರು ತಾಗಿದರೆ ಅದು ಎದ್ದು ಕೆಲಸ ಶುರುಮಾಡುತ್ತದೆ, ನಿಲ್ಲಿಸಲಾಗುವುದಿಲ್ಲ. ಹಾಗಾದರೆ ನೀರು ತಾಗಿಸಬಾರದು. ಒಣ ಕರವಸ್ತ್ರದಿಂದ ಒರೆಸಿದೆ. ಚೆನ್ನಾಗಿ ಒತ್ತಿ ಒರೆಸಿದೆ. ಕಣ್ಣೀರು ಬಂದಾಗಲೂ ಒರೆಸಿದೆ, ಅದೂ ನೀರೇ ತಾನೇ ಎಂದು.

ಕಣ್ಣಿನ ಆಸ್ಪತ್ರೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಡಾಕ್ಟರು ಕೇಳಿದ ಮೊದಲ ಮಾತು, "ನೀರಲ್ಲಿ ತೊಳೆದ್ರಾ?" ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ: "ಒಂದು ಹನಿ ನೀರೂ ತಾಗಿಸಿಲ್ಲ ಡಾಕ್ಟ್ರೇ." ಅವರು ನನ್ನ ಮುಖ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕೈ ಹಿಡಿದು ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು.

ಈಗ ಆ ಕಣ್ಣಿಗೆ ಬೆಳಕು ಮಾತ್ರ ತಿಳಿಯುತ್ತದೆ. ಎಣ್ಣೆ ಹಚ್ಚಿದ ಕಾಗದದ ಆಚೆ ಏನೋ ಓಡಾಡಿದ ಹಾಗಂತೆ. ಇನ್ನು ಇದಕ್ಕಿಂತ ಹೆಚ್ಚು ಬರುವುದಿಲ್ಲ ಎಂದು ಕಳೆದ ವಾರ ಹೇಳಿದರು. ಸೂಜಿಗೆ ದಾರ ಪೋಣಿಸಲು ಹೋಗಿ ಸೂಜಿಯ ಪಕ್ಕದ ಗಾಳಿಗೆ ಪೋಣಿಸುತ್ತಾಳೆ. ಶಾಲೆಯ ಅಂಗಿಗಳಲ್ಲಿ ಮೂವತ್ತೊಂದನ್ನು ಬೇರೆ ಟೈಲರಿಗೆ ಕೊಟ್ಟು ಬಂದೆ.

ನಿನ್ನ ಮೇಲೆ ತಪ್ಪಿಲ್ಲ. ಪೊಟ್ಟಣಕ್ಕೆ ಅಂಗೈಯಷ್ಟೇ ಜಾಗ, ಎಲ್ಲವನ್ನೂ ಬರೆಯಲಾಗುತ್ತದೆಯೇ? ಬುದ್ಧಿ ಇರಬೇಕಾದದ್ದು ನನಗೆ. ನಿನಗೆ ತಿಳಿದರೆ ಕೊರಗುತ್ತೀಯ ಎಂದು ಇಷ್ಟು ದಿನ ಬರೆಯಲಿಲ್ಲ. ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ.

— ಅಣ್ಣ


ಸೆಪ್ಟೆಂಬರ್ 3

ಅಣ್ಣ,

ಜೊತೆಗಿರುವ ಹಾಳೆಯನ್ನು ಮೊದಲು ಓದು. ಆಗಸ್ಟ್ ಎಂಟರಂದು ಬರೆದು, ಅಂಚೆಗೆ ಹಾಕಲು ಧೈರ್ಯ ಸಾಲದೆ ಮೇಜಿನ ಖಾನೆಯಲ್ಲಿಟ್ಟಿದ್ದೆ. ಮಾರನೆಯ ದಿನ ನಗುತ್ತ ಇನ್ನೊಂದು ಬರೆದೆ.

ಓದಿದೆಯಾ? ಈಗ ಹೇಳು, ನನ್ನ ಮೇಲೆ ತಪ್ಪಿಲ್ಲವೇ? ಜಾಗ ಇರಲಿಲ್ಲ ಎಂದು ನನ್ನ ಪರವಾಗಿ ನೀನೇ ವಾದ ಹೂಡಬೇಡ. ಜಾಗ ಇತ್ತು, ನಾಲ್ಕು ಸಾಲಿನ ಜಾಗ ಇತ್ತು, ಅದರಲ್ಲಿ ನಾನು ನನ್ನ ಜಾಣತನವನ್ನು ಇಟ್ಟೆ. ನಿನ್ನ ತಂಗಿ ಬರೆದದ್ದು ಎಂದು ನೀನು ನಂಬಿ ಓದಿದೆ.

ಯಜಮಾನರ ಬಳಿ ಹೋಗಿದ್ದೆ. ಆ ಸಾಲುಗಳನ್ನು ಮತ್ತೆ ಹಾಕಲೇಬೇಕು ಎಂದೆ. "ಈಗಾಗ್ಲೇ ಅಚ್ಚಾಗಿ ಅಂಗಡಿಗೆ ಹೋಗಿವೆ. ಇದ್ದದ್ದು ಖಾಲಿಯಾಗಲಿ, ಮುಂದಿನ ಸಲ ನೋಡೋಣ" ಅಂದರು. ನಾನು ಜಗಳ ಮಾಡಿದೆ ಎಂದು ಬರೆಯಲು ಆಸೆಯಾಗುತ್ತದೆ. ಮಾಡಲಿಲ್ಲ. ತಲೆ ತಗ್ಗಿಸಿಕೊಂಡು ನನ್ನ ಕುರ್ಚಿಗೆ ಬಂದು ಕೂತೆ.

ಅಣ್ಣ, ನನ್ನನ್ನು ಕ್ಷಮಿಸು. ಕ್ಷಮಿಸಲಾಗದಿದ್ದರೆ ಹಾಗೆಂದೇ ಬರೆ, ಸುಮ್ಮನಿರಬೇಡ. ಒಂದೇ ಒಂದು ಬೇಡಿಕೆ. ಅತ್ತಿಗೆಗೆ ಇದನ್ನು ಹೇಳಬೇಡ. ಪೊಟ್ಟಣದಲ್ಲಿ ಏನೋ ಬಿಟ್ಟುಹೋಗಿತ್ತು ಎಂದಷ್ಟೇ ಇರಲಿ. ಯಾರು ಬಿಟ್ಟರು, ಯಾಕೆ ಬಿಟ್ಟರು ಎಂಬುದು ಅವರಿಗೆ ತಿಳಿದರೆ ನಾನು ಆ ಮನೆಯ ಹೊಸಿಲು ಹೇಗೆ ದಾಟಲಿ?

— ನಿನ್ನ ತಂಗಿ


ಸೆಪ್ಟೆಂಬರ್ 19

ನಾನು, ಅತ್ತಿಗೆ.

ಈ ಸಲ ಹಾಳೆ ಪೂರ್ತಿ ನನ್ನದು. ಅಕ್ಷರ ದಪ್ಪ ದಪ್ಪ ಇದ್ರೆ, ಸಾಲು ಬೆಟ್ಟ ಹತ್ತಿ ಇಳಿದಿದ್ರೆ ಏನೂ ಅಂದ್ಕೋಬೇಡ. ಮೂರು ದಿನದಿಂದ ಬರೀತಾ ಇದ್ದೀನಿ. ನಿನ್ನ ಥರ ಬರೆಯೋಕೆ ಬರಲ್ಲ, ಮಾತಾಡೋ ಹಾಗೇ ಬರೀತೀನಿ.

ನಿನ್ನ ಕಾಗದ ಬಂದ ದಿನ ಇವರು ಡಿಪೋಗೆ ಹೋಗಲಿಲ್ಲ. ಏನು ಬರೆದಿದ್ದಾಳೆ ಓದಿ ಅಂದೆ. ಓದಿದ್ರು. ನಡುವೆ ನಡುವೆ ಹಾರಿಸ್ತಾ ಇದ್ರು. ಇಪ್ಪತ್ತೇಳು ವರ್ಷ ಆಯ್ತು ಈ ಮನುಷ್ಯನ ಜೊತೆ, ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ನನಗೆ ಗೊತ್ತಾಗಲ್ವಾ? ಮಾರನೇ ದಿನ ಇವರು ಕೆಲಸಕ್ಕೆ ಹೋದ ಮೇಲೆ ಕಿಟಕಿ ಹತ್ರ ಕೂತು ಎಡಗಣ್ಣಲ್ಲಿ ಎರಡು ಹಾಳೇನೂ ಓದಿದೆ. ಮಧ್ಯಾಹ್ನದವರೆಗೂ ಹಿಡೀತು.

ಅಣ್ಣ ತಂಗಿ ಇಬ್ಬರೂ ಎಷ್ಟು ಒಳ್ಳೆಯವರಪ್ಪಾ. ಅವರು ನಿನಗೆ ನೋವಾಗತ್ತೆ ಅಂತ ಮುಚ್ಚಿಟ್ರು. ನೀನು ಅವರಿಗೆ ನೋವಾಗತ್ತೆ ಅಂತ ಮುಚ್ಚಿಟ್ಟೆ. ತಪ್ಪು ನಂದು ಅಂತ ಅವರು, ಇಲ್ಲ ನಂದು ಅಂತ ನೀನು. ಕ್ಷಮೆ ಕೇಳಿದ್ದೀಯ. ಯಾರನ್ನ? ನಿಮ್ಮಣ್ಣನ್ನ. ಅವರು ಯಾವತ್ತೋ ಕ್ಷಮಿಸಿ ಆಗಿದೆ, ನಿನ್ನ ಕಾಗದ ಎದೆ ಮೇಲಿಟ್ಕೊಂಡು ಅಳ್ತಾರೆ. ಕಣ್ಣು ನಂದು ಕಣೇ. ನನ್ನನ್ನ ಒಬ್ಬರಾದ್ರೂ ಕೇಳಿದ್ರಾ?

ನಿನಗೆ ಗೊತ್ತಿಲ್ಲದ ಒಂದು ಮಾತು ಹೇಳ್ತೀನಿ. ಇವರೂ ಬರೆದಿರಲ್ಲ. ಪುಡಿ ಬಿದ್ದಾಗ ನನಗೆ ಮೊದಲು ಹೊಳೆದಿದ್ದೇ ನೀರು. ನಲ್ಲಿ ನಾಲ್ಕು ಹೆಜ್ಜೆ ದೂರ. ಇವರು ಪೊಟ್ಟಣ ಓದಿ ಮುಗಿಸೋ ಹೊತ್ತಿಗೆ ಎದ್ದೆ. ಇವರು ರಟ್ಟೆ ಹಿಡಿದು ಕೂರಿಸಿದ್ರು, "ಬೇಡ, ನೀರು ತಾಗಿಸಬಾರದು, ಅವಳು ಬರೆದಿದ್ದಾಳೆ" ಅಂದ್ರು. ಬೇರೆ ಯಾರು ಬರೆದಿದ್ರೂ ಕೈ ಕೊಡವಿ ಹೋಗ್ತಿದ್ದೆ. ನೀನು ಬರೆದಿದ್ದೀಯ ಅಂದಮೇಲೆ ಸುಮ್ನೆ ಕೂತೆ. ನಿನಗೆ ಅಕ್ಷರ ತಿದ್ದಿಸಿದವಳು ನಾನು. ನಮ್ಮ ಹುಡುಗಿ ಬರೆದದ್ದು ತಪ್ಪಾಗಿರಲ್ಲ ಅಂತ ಆ ಉರಿಯಲ್ಲೂ ಅಂದ್ಕೊಂಡೆ.

ಸಿಟ್ಟು ಬಂದಿದೆಯಾ ಅಂದ್ರೆ, ಬಂದಿದೆ. ಬೆಳಿಗ್ಗೆ ಮಿಷನ್ ಮುಂದೆ ಕೂತಾಗ ಬರತ್ತೆ. ಕಾಜಾ ಹಾಕೋಕೆ ಹೋಗಿ ಬಟ್ಟೆ ಕತ್ತರಿಸಿ ಹೋದಾಗ ಬರತ್ತೆ. ಜೇನುಹುಳ ನೋಡಿದ್ರೂ ಬರತ್ತೆ, ಪಾಪ ಅದೇನು ಮಾಡಿತ್ತು.

ಮುಂದಿನ ಸಲ ನೋಡೋಣ ಅಂದ್ರಂತೆ ನಿಮ್ಮ ಯಜಮಾನರು. ನಾನು ಮುಂದಿನ ಸಲಕ್ಕೆ ಕಾಯಲಿಲ್ಲ. ನಮ್ಮ ಬೀದಿ ಕೊನೇಲಿರೋ ಬೀಜದ ಅಂಗಡೀಲಿ ಇದೇ ಪೊಟ್ಟಣ ನೇತು ಹಾಕಿದ್ದಾರೆ, ಹತ್ತೊಂಬತ್ತು. ಬಟ್ಟೆಗೆ ಗುರುತು ಹಾಕೋ ದಪ್ಪ ಪೆನ್ನು ತಗೊಂಡು ಹೋಗಿ ಒಂದೊಂದನ್ನೇ ಇಳಿಸಿ ಬರೆದೆ: ಕಣ್ಣಿಗೆ ಬಿದ್ರೆ ಮೊದಲು ನೀರು. ಇಷ್ಟೇ. ಬೆನ್ನಲ್ಲಿ ಜಾಗ ಇರಲಿಲ್ಲ, ಗುಲಾಬಿ ಚಿತ್ರದ ಮೇಲೇ ಬರೆದೆ. ಅಂಗಡಿಯವನು ಓಡಿ ಬಂದ. "ಏನಮ್ಮಾ ಇದು, ಹೂವಿನ ಮುಖ ಕೆಡಿಸಿಬಿಟ್ರಲ್ಲ!" ಅಂದ. ಕಪ್ಪು ಕನ್ನಡಕ ತೆಗೆದು ಅವನ ಕಡೆ ತಿರುಗಿದೆ. ಆಮೇಲೆ ಅವನೇ ಒಳಗಿಂದ ಇನ್ನೊಂದು ಡಬ್ಬಿ ಪೊಟ್ಟಣ ತಂದು ಮುಂದಿಟ್ಟ, ಕೂರೋಕೆ ಸ್ಟೂಲೂ ಕೊಟ್ಟ. ಅದು ಒಂದು ಅಂಗಡಿ. ಉಳಿದ ಅಂಗಡಿಗಳು ನಿನ್ನ ಪಾಲಿಗೆ. ಯಜಮಾನರು ಬೈತಾರೆ, ಬೈಯಲಿ. ಕೆಲಸ ಹೋಗತ್ತೆ, ಹೋಗಲಿ. ನನ್ನದು ಹೋಗಿಲ್ವಾ?

ಇನ್ನು ಕಾಗದ ಬರೀಬೇಡ. ನೀನು ಬರೆದ್ರೆ ಚೆನ್ನಾಗಿರತ್ತೆ, ಓದೋರು ಕರಗಿ ಹೋಗ್ತಾರೆ. ನನಗೆ ಅದು ಬೇಡ. ರಜೆ ಸಿಗದಿದ್ರೂ ಬಾ. ಬಂದು ನನ್ನ ಎಡಗಡೆ ನಿಂತ್ಕೊಂಡು ಬಾಯಿ ಬಿಟ್ಟು ಕೇಳು. ಬಲಗಡೆ ನಿಂತ್ರೆ ನೀನು ಅಳ್ತಾ ಇದ್ದೀಯೋ ಮಾತು ಜೋಡಿಸ್ತಾ ಇದ್ದೀಯೋ ನನಗೆ ಕಾಣಲ್ಲ. ಕ್ಷಮಿಸ್ತೀನೋ ಇಲ್ವೋ ಅಂತ ಈಗ ಹೇಳಲ್ಲ. ನನಗೇ ಗೊತ್ತಿಲ್ಲ. ನಿನ್ನ ಮುಖ ನೋಡಿದ ಮೇಲೆ ಹೇಳ್ತೀನಿ.